ಅತಿಥಿಗೆಲ್ಲಿಯ ಹೆರಿಗೆ ರಜೆ?

ಬಹಳ ಹಿಂದೆ, ಎಷ್ಟು ಹಿಂದೆ ಎಂದರೆ ಸಂಬಳವೆಂಬುದು ತಿಂಗಳಿಗೊಮ್ಮೆ ಬರುತ್ತದೆಂದು ಜನ ನಂಬುತ್ತಿದ್ದ ಕಾಲದಲ್ಲಿ, ಆತಿಥ್ಯಪುರವೆಂಬ ರಾಜ್ಯವೊಂದಿತ್ತು. ಅದನ್ನಾಳುತ್ತಿದ್ದವನು ಶ್ರೀಮನ್ಮಹಾರಾಜ ಉಪಚಾರವರ್ಮ. ಯಾರನ್ನೂ ಬರಿಗೈಯಲ್ಲಿ ಕಳಿಸುವ ಜಾಯಮಾನ ಅವನದಲ್ಲ. ಬಂದವರಿಗೆಲ್ಲ ಒಂದು ಶಾಲು, ಒಂದು ಭರವಸೆ ಕೊಟ್ಟೇ ಕಳಿಸುತ್ತಿದ್ದ.

ಆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಹೊನ್ನಾಂಬಿಕೆ ಎಂಬ ಅತಿಥಿ ಉಪನ್ಯಾಸಕಿ ಇದ್ದಳು. ಅತಿಥಿ ಎಂದ ಮಾತ್ರಕ್ಕೆ ಮೊನ್ನೆ ಮೊನ್ನೆ ಬಂದವಳು ಎಂದುಕೊಂಡೀರಿ, ಜೋಕೆ! ಹನ್ನೆರಡು ವರ್ಷದಿಂದ ಅಲ್ಲೇ ವ್ಯಾಕರಣ ಪಾಠ ಮಾಡುತ್ತಿದ್ದಳು. ಪರೀಕ್ಷೆ ನಡೆಸುವವಳು ಅವಳು, ಉತ್ತರಪತ್ರಿಕೆ ತಿದ್ದುವವಳು ಅವಳು, ಘಟಿಕೋತ್ಸವಕ್ಕೆ ಕುರ್ಚಿ ಜೋಡಿಸುವವಳೂ ಅವಳೇ. ಕಾಯಂ ಪ್ರಾಧ್ಯಾಪಕರೆಲ್ಲ ಎಂದೋ ನಿವೃತ್ತರಾಗಿ ಗೋಡೆಯ ಮೇಲೆ ಫೋಟೋಗಳಾಗಿದ್ದರು. ಮನೆಯವರೆಲ್ಲ ಹೊರಟುಹೋಗಿ ನೆಂಟರೇ ಸಂಸಾರ ತೂಗಿಸುತ್ತಿದ್ದ ಮನೆ ಅದು.

ಹೀಗಿರಲು ಹೊನ್ನಾಂಬಿಕೆ ಬಸುರಿಯಾದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು. ಹಿಗ್ಗು ಒಂದು ಕಡೆ, ಕೆಲಸದ ಚಿಂತೆ ಇನ್ನೊಂದು ಕಡೆ. ಹೆರಿಗೆಗೆಂದು ಮನೆಯಲ್ಲಿ ಕೂತರೆ ಕೆಲಸ ಹೋಯಿತೆಂದೇ ಅರ್ಥ. ಧೈರ್ಯ ಮಾಡಿ ಕುಲಪತಿ ಶ್ಲಾಘನಾಚಾರ್ಯರ ಕೊಠಡಿಗೆ ಹೋಗಿ ರಜೆ ಕೇಳಿದಳು.

"ರಜೇನಾ?" ಕುಲಪತಿಗಳು ಬೆಚ್ಚಿಬಿದ್ದರು. "ಏನಮ್ಮಾ, ವ್ಯಾಕರಣ ಹೇಳ್ಕೊಡೋ ನೀವೇ ಹೀಗಂದ್ರೆ ಹೇಗೆ? ಕೆಲಸದವರು ಮನೆಗೆ ಹೋದ್ರೆ ಅದು ರಜೆ. ಅತಿಥಿ ಮನೆಗೆ ಹೋದ್ರೆ ಅದು ಬೀಳ್ಕೊಡುಗೆ. ಎಲೆ ಅಡಿಕೆ ತರಿಸಲಾ?"

"ಅಯ್ಯೋ, ಬೇಡ ಸಾರ್!" ಎಂದ ಹೊನ್ನಾಂಬಿಕೆ ಅಲ್ಲಿಂದ ನೆಟ್ಟಗೆ ಅರಮನೆಗೆ ನಡೆದಳು. ಕುಲಪತಿಗಳು ಅವಳಿಗಿಂತ ಮೊದಲೇ ಕಾರಿನಲ್ಲಿ ತಲುಪಿ ಸಿಂಹಾಸನದ ಪಕ್ಕ ಕೈಕಟ್ಟಿ ನಿಂತಿದ್ದರು.

"ಮಹಾಪ್ರಭು," ಎಂದಳು ಹೊನ್ನಾಂಬಿಕೆ, "ನಮ್ಮ ಕಡೆ ನೆಂಟರು ನಾಲ್ಕು ದಿನ ಜಾಸ್ತಿ ಉಳಿದ್ರೆ ಕೈಗೆ ಪೊರಕೆ ಕೊಡ್ತಾರೆ. ಪೊರಕೆ ಹಿಡಿದ್ರೆ ಮನೆಯವರೇ ಅಂತ ಲೆಕ್ಕ. ನಾನು ಹನ್ನೆರಡು ವರ್ಷದಿಂದ ಹಿಡಿದಿದೀನಿ. ನನಗೇನೂ ಸಿಂಹಾಸನ ಬೇಡ. ಹೆತ್ತು ಬರ್ತೀನಿ, ಬಂದಾಗ ನನ್ನ ಕೆಲಸ ನನಗಿರಲಿ. ಅಷ್ಟೇ ನಾನು ಕೇಳೋದು."

ರಾಜನ ಕಣ್ಣು ತುಂಬಿ ಬಂತು. ಕ್ಯಾಮೆರಾದವರು ಹತ್ತಿರ ಬರುವ ತನಕ ಅವನು ಒರೆಸಿಕೊಳ್ಳಲಿಲ್ಲ. "ಕುಲಪತಿಗಳೇ, ಈ ತಾಯಿಗೆ ಘೋರ ಅನ್ಯಾಯವಾಗಿದೆ. ಅತಿಥಿ ಎಂಬ ಪದವೇ ನಮ್ಮ ರಾಜ್ಯದಲ್ಲಿ ಕೂಡದು. ಬದಲಾಯಿಸಿ!"

"ಆಹಾ, ಎಂಥ ಅಂತಃಕರಣ ಪ್ರಭೂ!" ಶ್ಲಾಘನಾಚಾರ್ಯರು ಕಟ್ಟಿದ ಕೈ ಬಿಚ್ಚಿ ಮುಗಿದರು. "ಮಿಕ್ಕಿದ್ದನ್ನೇನೂ ಮುಟ್ಟದೆ ಪದವನ್ನಷ್ಟೇ ಬದಲಾಯಿಸುವ ಧೈರ್ಯ ತಮ್ಮ ತೀರ್ಥರೂಪರಿಗೂ ಇರಲಿಲ್ಲ. ಅತಿಥಿ ದೇವೋ ಭವ ಎಂದು ಹಿರಿಯರೇ ಹೇಳಿಲ್ಲವೇ? ಇವರಿಗೆಲ್ಲ ಒಂದೇ ಏಟಿಗೆ ದೇವರ ಹುದ್ದೆಗೆ ಬಡ್ತಿ ಕೊಟ್ಟುಬಿಡೋಣ."

ಸಂಜೆಯೊಳಗೆ ರಾಜಾಜ್ಞೆ ಹೊರಬಿತ್ತು. ಅತಿಥಿ ಉಪನ್ಯಾಸಕರೆಲ್ಲರೂ ಇನ್ನು ಮುಂದೆ ದೇವರು. ದೇವರಿಗೆ ಹಸಿವಿಲ್ಲವಾದ ಕಾರಣ ಸಂಬಳವನ್ನು ನೈವೇದ್ಯವೆಂದು ಪರಿಗಣಿಸತಕ್ಕದ್ದು. ತಿಂಗಳ ಕೊನೆಗೆ ಎದುರಿಗಿಟ್ಟು, ಗಂಟೆ ಬಾರಿಸಿ, ಹಿಂದಕ್ಕೆ ಒಯ್ಯತಕ್ಕದ್ದು. ಪ್ರಸಾದ ವಿನಿಯೋಗವು ಕುಲಪತಿಗಳ ವಿವೇಚನೆಗೆ ಬಿಟ್ಟದ್ದು. ದೇವರು ಗರ್ಭಗುಡಿಯಿಂದ ಮನೆಗೆ ಹೋಗುವ ಪದ್ಧತಿ ಇಲ್ಲದಿರುವುದರಿಂದ ಹೆರಿಗೆ ರಜೆಯ ಪ್ರಶ್ನೆ ಉದ್ಭವಿಸುವುದಿಲ್ಲ.

ಮರುದಿನ ಹೊನ್ನಾಂಬಿಕೆ ತರಗತಿಗೆ ಬಂದರೆ ಜವಾನ ಭರಮಪ್ಪ ಹಾರ ಹಿಡಿದು ನಿಂತಿದ್ದ.

"ಏನ್ರೀ ಭರಮಪ್ಪ, ಇದೇನು ಅವತಾರ?"

"ದೇವ್ರು ಮಾತಾಡಬಾರದಂತ್ರಿ ಮೇಡಂ. ಸುತ್ತೋಲೆ ಬಂದೈತಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ಮಾತಾಡದೆ ವ್ಯಾಕರಣ ಹೇಗ್ರೀ ಹೇಳ್ಕೊಡ್ಲಿ? ಹೊಟ್ಟೇಲಿರೋದು ಒದೀತಾ ಇದೆ, ಅದಕ್ಕೂ ಸುತ್ತೋಲೆ ತೋರಿಸ್ತೀರಾ?"

ಕೂಸು ಸುತ್ತೋಲೆ ಓದಿರಲಿಲ್ಲ. ದಿನ ತುಂಬುತ್ತಲೇ ಹುಟ್ಟಿತು, ಹೆಣ್ಣು. ಬಾಣಂತನವನ್ನು ಅರ್ಧಕ್ಕೇ ಬಿಟ್ಟು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊನ್ನಾಂಬಿಕೆ ಓಡೋಡಿ ಬಂದಳು. ನೋಡುತ್ತಾಳೆ, ಅವಳ ತರಗತಿಯ ಬಾಗಿಲಿಂದ ಬೀದಿಯವರೆಗೆ ಜನರ ಸಾಲು. ಕಿಟಕಿಯಿಂದ ಇಣುಕಿದರೆ, ಅವಳ ಕುರ್ಚಿಯಲ್ಲಿ ಕರಿಕಲ್ಲಿನ ಮೂರ್ತಿಯೊಂದು ಪುಸ್ತಕ ಹಿಡಿದು ಕೂತಿದೆ. ಅಚ್ಚು ಅವಳದೇ ಮುಖ. ಅದು ಉಣ್ಣುವುದಿಲ್ಲ, ಹೆರುವುದಿಲ್ಲ, ಎದ್ದು ಅರಮನೆಗೆ ಹೋಗುವುದಂತೂ ಇಲ್ಲವೇ ಇಲ್ಲ. ಹನ್ನೆರಡು ವರ್ಷಗಳಲ್ಲಿ ಆ ವಿಭಾಗಕ್ಕಾದ ಮೊದಲ ಕಾಯಂ ನೇಮಕಾತಿ ಅದೇ.

ಈ ಸಾಧನೆಗಾಗಿ ಉಪಚಾರವರ್ಮನಿಗೆ ಗೌರವ ಡಾಕ್ಟರೇಟ್ ಸಂದಿತ್ತು. ನ್ಯಾಯಯುತ ಉದ್ಯೋಗ ನೀತಿಯ ಹರಿಕಾರ ಎಂದು ಬಿರುದು ಬೇರೆ. ವಿದ್ಯಾರ್ಥಿಗಳ ಶುಲ್ಕಕ್ಕೆ ದರ್ಶನ ಶುಲ್ಕವೆಂದು ಹೆಸರಿಟ್ಟು ದುಪ್ಪಟ್ಟು ಮಾಡಲಾಗಿತ್ತು. ಅಪ್ಪ ಅಮ್ಮಂದಿರು ತುಟಿಪಿಟಕ್ಕೆನ್ನದೆ ಕಟ್ಟುತ್ತಿದ್ದರು, ದೇವರ ಕೆಲಸದಲ್ಲಿ ಚೌಕಾಸಿ ಮಾಡಬಾರದು ನೋಡಿ. ಮಕ್ಕಳು ಕೈಮುಗಿದು, ಮಂಗಳಾರತಿ ತೆಗೆದುಕೊಂಡು, ಒಂದಕ್ಷರ ಕಲಿಯದೆ ಪಾಸಾಗಿ ಹೋಗುತ್ತಿದ್ದರು.

ಹೊನ್ನಾಂಬಿಕೆ ಸಾಲು ಮುರಿದು ಒಳನುಗ್ಗಿದಳು. ಭರಮಪ್ಪ ಅಡ್ಡ ಬಂದ.

"ಬಿಡ್ರೀ ಭರಮಪ್ಪ, ಆ ದೇವರು ನಾನೇ ಕಣ್ರೀ!"

ಭರಮಪ್ಪ ಅವಳ ಮುಖ ನೋಡಿದ, ಕೂಸಿನ ಮುಖ ನೋಡಿದ, ಆಮೇಲೆ ತಲೆ ತಗ್ಗಿಸಿದ. "ನನಗ ಗೊತ್ತಿಲ್ಲೇನ್ರಿ ಮೇಡಂ? ಆದ್ರ ಹಂಗ ಬಿಡಾಕ ಬರಂಗಿಲ್ರಿ. ಸಾಲಿನ್ಯಾಗ ಬರ್ರಿ. ನಿಮಗ ಪೂರಾ ಟಿಕೀಟು, ಕೂಸಿಗೆ ಅರ್ಧ."