ಜೀರಿಗೆ ಪೊಟ್ಟಣದ ಮಂಗಳಗ್ರಹ

ನಮ್ಮ ಮುಂಡರಗಿಯಿಂದ ಮೊಟ್ಟಮೊದಲು ಮಂಗಳಗ್ರಹಕ್ಕೆ ಹೋದವಳು ನಮ್ಮ ಸೋದರತ್ತೆ. ನಗಬೇಡಿ! ಕೊರ್ಲಹಳ್ಳಿಯ ಹೊಳೆ ದಾಟಿದವಳಲ್ಲ, ಗದಗಿನಾಚೆಯ ಊರು ಕಂಡವಳಲ್ಲ. ಆದರೆ ಮಂಗಳದ ಮೂಲೆ ಮೂಲೆ ಅವಳಿಗೆ ಗೊತ್ತಿತ್ತು. "ಮಣ್ಣು ಕೆಂಪು, ಗಾಳಿ ಕಮ್ಮಿ, ನೀರಿಗೆ ಬರ. ಬ್ಯಾಸಗಿಯೊಳಗ ಕಪ್ಪತಗುಡ್ಡದ ಬುಡಕ್ಕ ನಿಂತಂಗ ತಿಳಕೊ" ಎಂದು ನನಗೆ ಭೂಗೋಳ ಕಲಿಸುತ್ತಿದ್ದಳು.

ಈ ಪ್ರಯಾಣಕ್ಕೆ ಅವಳು ಹತ್ತಿದ ವಾಹನ ಜೀರಿಗೆಯ ಪೊಟ್ಟಣ. ಪುರಾಣ ಓದಲಿ ಎಂದು ಅಜ್ಜ ಅವಳಿಗೆ ಅಕ್ಷರ ಕಲಿಸಿದ್ದ. ಪುರಾಣಗಳೆಲ್ಲ ಮುಗಿದ ಮೇಲೆ ಕಣ್ಣು ಸುಮ್ಮನೆ ಕೂಡುತ್ತದೆಯೇ? ಓಣಿಯ ತಿರುವಿನ ಕಿರಾಣಿ ಅಂಗಡಿಯ ಸಾವಕಾರರು ಗದಗಿನಿಂದ ರದ್ದಿ ಕಾಗದ ತರಿಸುತ್ತಿದ್ದರು. ಆ ರದ್ದಿಯಲ್ಲಿ ಯಾವುದೋ ಹಳೆಯ ವಾರಪತ್ರಿಕೆಯ ಕಟ್ಟುಗಳಿದ್ದವು. ಅದರಲ್ಲಿ ವಿಜ್ಞಾನದ ಲೇಖನಗಳು ಬರುತ್ತಿದ್ದವು, ಜೊತೆಗೆ ನಾಲ್ಕು ಮಂದಿ ಮಂಗಳಕ್ಕೆ ಹೋಗುವ ಒಂದು ಧಾರಾವಾಹಿ. ಏಳನೆಯ ಕಂತು ಬೆಲ್ಲದ ಜೊತೆ ಬಂತು. ಎರಡನೆಯದು ಅರಿಶಿನದ ಜೊತೆ. ಮೊದಲನೆಯ ಕಂತು ಸಿಕ್ಕಿದ್ದು ಅವರು ಮಂಗಳ ಮುಟ್ಟಿ ಮೂರು ತಿಂಗಳಾದ ಮೇಲೆ!

ಮನೆಯಲ್ಲಿ ಏನು ಖಾಲಿಯಾಗಿದೆ ಎಂಬುದಕ್ಕೂ ಅತ್ತೆ ನನ್ನನ್ನು ಅಂಗಡಿಗೆ ಅಟ್ಟುವುದಕ್ಕೂ ಸಂಬಂಧವೇ ಇರಲಿಲ್ಲ.

"ಸಾವಕಾರ್ರ, ಅಜಿವಾನ ಬೇಕಂತ. ಆದ್ರ ವಿಮಾನದ ಚಿತ್ರ ಇರೋ ಕಾಗದದಾಗ ಕಟ್ಟಬೇಕಂತ."

"ತಂಗೀ, ಮೊನ್ನೆನ ಅಜಿವಾನ ಒಯ್ದೀಯಲ್ಲ? ನಿಮ್ಮನ್ಯಾಗ ಎಲ್ಲಾರ ಹೊಟ್ಟೀನೂ ಕೆಟ್ಟೈತೇನು?"

ಕೆಟ್ಟಿರಲಿಲ್ಲ. ಆದರೆ ಆ ವರ್ಷ ಕುಡಿದ ಅಜಿವಾನದ ಕಷಾಯಕ್ಕೆ ನಮ್ಮ ಹೊಟ್ಟೆಗಳು ಇನ್ನೆಂದೂ ಕೆಡದಂತಾದವು.

ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಕಾಳು ಆರಿಸಲು ಕೂಡುತ್ತಿದ್ದರು. ಅತ್ತೆ ಅಲ್ಲಿ ಕಥೆ ಹೇಳುವಳು, ಸಿಗದ ಕಂತುಗಳನ್ನು ತಾನೇ ಹೊಸೆದು ಸೇರಿಸುವಳು. ಬರೆದವನ ಮೇಲೆ ಅವಳಿಗೆ ಗೌರವ ಅಷ್ಟಕ್ಕಷ್ಟೇ. "ಗುಳಗಿ ನುಂಗಿದ್ರ ಹೊಟ್ಟಿ ತುಂಬತದಂತ! ಬರದಾಂವ ಜನ್ಮದಾಗ ಒಂದು ಏಕಾದಶಿ ಮಾಡಿಲ್ಲ. ಮಾಡಿದಾಕಿ ನಾ ಹೇಳ್ತೀನಿ, ತುಂಬೂದಿಲ್ಲ."

"ಆ ನೌಕಿಯೊಳಗ ಮಡಿ ಹ್ಯಾಂಗ್ರಿ?" ಎಂದು ಒಬ್ಬಾಕೆ ಕೇಳಿದಳು.

"ಅಲ್ಲೇ ಛಲೋ! ತೂಕನ ಇಲ್ಲ, ಮನಶಾ ತೇಲತಿರ್ತಾನ. ನೆಲಾ ಮುಟ್ಟಂಗಿಲ್ಲ, ಗ್ವಾಡಿ ಮುಟ್ಟಂಗಿಲ್ಲ. ಅದಕ್ಕಿಂತ ಮಡಿ ಇನ್ನೆಲ್ಲೆ ಅದ?"

ವಿಜ್ಞಾನವೇನೋ ಒಳ್ಳೆಯದೇ, ಪೊಟ್ಟಣದಲ್ಲಿ ಬಂದರೆ ಮಾತ್ರ ಕಷ್ಟ. ಒಂದು ಬೇಸಗೆಯಲ್ಲಿ ಅವಲಕ್ಕಿ ಕಟ್ಟಿದ ಕಾಗದದಲ್ಲಿ ಹೀಗಿತ್ತು: "ಸೂರ್ಯ ಒಂದು ದಿನ ತಣ್ಣಗಾಗುವುದು ಖಚಿತ. ಇನ್ನು ಉಳಿದಿರುವುದು ಕೇವಲ". ಅಷ್ಟೇ, ಮುಂದೆ ಹರಿದಿತ್ತು! ಅತ್ತೆ ಎದೆ ಹಿಡಿದು ಕೂತಳು. ಮರುದಿನವೇ ಸಂಡಿಗೆ ಹಾಕಲು ಶುರು. ಹಪ್ಪಳ, ಶಾವಿಗೆ, ಉಪ್ಪು ಹಚ್ಚಿದ ಮೆಣಸಿನಕಾಯಿ, ಬಿಸಿಲಿಗೆ ಒಣಗುವುದನ್ನೆಲ್ಲ ಒಣಗಿಸಿದಳು. ಸುದ್ದಿ ಹಬ್ಬಿ ಓಣಿಯ ಮಾಳಿಗೆಗಳ ಮೇಲೆಲ್ಲ ಸಂಡಿಗೆ. ಕಾಗೆ ಓಡಿಸಿ ಓಡಿಸಿ ನನ್ನ ಗಂಟಲು ಬಿತ್ತು. ನಾಲ್ಕು ತಿಂಗಳ ನಂತರ ಸಾಬೂದಾಣಿಯ ಪೊಟ್ಟಣದಲ್ಲಿ ಉಳಿದರ್ಧ ಬಂತು: "ಕೋಟ್ಯಂತರ ವರ್ಷಗಳು."

"ಅಕ್ಕಾ, ಈಗ ಈ ಸಂಡಿಗಿ ಏನು ಮಾಡೂದು?" ಎಂದರು ಶಾಲೆಯ ಮಾಸ್ತರರಾಗಿದ್ದ ನಮ್ಮಪ್ಪ.

"ಇರ್ಲಿ ಬಿಡು. ಕೋಟಿ ವರ್ಷ ಹೋಗೂದು ಎಷ್ಟು ಹೊತ್ತು?" ಎಂದಳು ಅತ್ತೆ, ಒಂದಿಷ್ಟೂ ನಾಚಿಕೆಯಿಲ್ಲದೆ.

ಹೀಗೆ ನಗುನಗುತ್ತಲೇ ಇದ್ದೆವು, ಹನ್ನೊಂದನೆಯ ಕಂತು ಬರುವವರೆಗೆ. ಮಂಗಳದಿಂದ ಹೊರಡುವಾಗ ನೌಕೆ ಕೆಟ್ಟು ಮೂರೇ ಮಂದಿಯ ಭಾರ ಹೊರುವಂತಾಗಿತ್ತು. ನಾಲ್ವರಲ್ಲಿ ಕಿರಿಯವನೊಬ್ಬ ತಾನಾಗಿಯೇ ಹಿಂದುಳಿದ. ಮಿಕ್ಕವರು ಮತ್ತೆ ಬರುತ್ತೇವೆಂದು ಮಾತು ಕೊಟ್ಟು ಹೊರಟರು. ಅಲ್ಲಿಗೆ ಕಂತು ಮುಗಿದಿತ್ತು. ಆಮೇಲೆ ತಿಂಗಳುಗಟ್ಟಲೆ ಆ ಕಥೆಯ ಒಂದು ತುಣುಕೂ ಸಿಗಲಿಲ್ಲ. ಅತ್ತೆ ಮಂಕಾದಳು. ಹಿತ್ತಲ ಕಟ್ಟೆಯ ಸಭೆ ನಿಂತೇಹೋಯಿತು. ಊಟಕ್ಕೆ ಬಡಿಸುತ್ತ ಬಡಿಸುತ್ತ ಸಾರಿನ ಸೌಟು ಹಿಡಿದು ನಿಂತುಬಿಡುವಳು. "ಅವರು ಅವನ್ನ ಕರಕೊಂಡು ಬರ್ಲಿಕ್ಕೆ ಹೋಗಿರಬೇಕಲ್ಲ?"

"ಅಕ್ಕಾ, ಅದು ಕಥಿ. ಅಂಥಾ ಮನಶಾನ ಇಲ್ಲ" ಎಂದರು ಅಪ್ಪ.

"ಇಲ್ಲದಾಂವ ಅಂತ ಬಿಟ್ಟು ಬರೂದೇನು?" ಎಂದಳು ಅತ್ತೆ. ಅಪ್ಪ ತಲೆ ತಗ್ಗಿಸಿ ಉಂಡರು.

ಅತ್ತೆ ಹನ್ನೆರಡನೆಯ ವಯಸ್ಸಿಗೆ ವಿಧವೆಯಾಗಿ ತವರಿಗೆ ಬಂದವಳು. ಶುಭದಿನಗಳಲ್ಲಿ ಯಾರಿಗೂ ಎದುರಾಗಬಾರದೆಂದು ಹಿತ್ತಲ ಕೋಣೆಯಿಂದ ಹೊರಬರುತ್ತಿರಲಿಲ್ಲ. ಮಿಕ್ಕ ದಿನವೂ ಅವಳ ಓಡಾಟವೆಲ್ಲ ಹಿಂಬಾಗಿಲಿನಿಂದಲೇ. ಅದು ಯಾರು ಮಾಡಿದ ನಿಯಮವೋ, ನಾವ್ಯಾರೂ ಬೇಡವೆಂದಿರಲಿಲ್ಲ. ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕರ್ನಾಟಕ ಒಂದಾದ ದಿನ ಬಂತು. ಮುಂಬೈ ರಾಜ್ಯದಲ್ಲಿ ಮಲಗಿದವರು ಮೈಸೂರು ರಾಜ್ಯದಲ್ಲಿ ಎದ್ದೆವು! ತೋರಣ, ಬಾಜಾಬಜಂತ್ರಿ, ಮೆರವಣಿಗೆ, ಮನೆಮನೆಗೂ ಮೆರವಣಿಗೆಯವರಿಗೂ ಪೇಡೆ ಪೊಟ್ಟಣ. ಕಟ್ಟಿಕೊಟ್ಟವರು ಅದೇ ಸಾವಕಾರರು. ಊರಿಗೆಲ್ಲ ಕಟ್ಟಬೇಕಲ್ಲ, ಇದ್ದಬದ್ದ ರದ್ದಿಯೆಲ್ಲ ಹೊರಗೆ ಬಂದಿತ್ತು. ನಮ್ಮ ಪೊಟ್ಟಣ ಬಿಚ್ಚಿದೆ. ಕಾಗದದ ತಲೆಯ ಮೇಲೆ "ಕೊನೆಯ ಕಂತು" ಎಂದಿತ್ತು. ಅತ್ತೆಗೆ ಒಯ್ದುಕೊಟ್ಟೆ. ದುರಸ್ತಿಯಾದ ನೌಕೆ ಮತ್ತೆ ಮಂಗಳಕ್ಕೆ ಇಳಿದಿದೆ, ಮೂವರೂ ಕೂಗುತ್ತ ಹುಡುಕುತ್ತಿದ್ದಾರೆ, ಉತ್ತರವಿಲ್ಲ. ಪುಟ ಅಲ್ಲಿಗೆ ಮುಗಿದಿತ್ತು.

"ಮುಂದಿನ ಪುಟ ಯಾರದರೆ ಪೊಟ್ಟಣದಾಗ ಇರತದ. ಓಡು, ಒಲಿಗೆ ಹಾಕೋದ್ರಾಗ ತೊಗೊಂಡು ಬಾ!"

ಓಡಿದೆ. ಒಂದು ಮನೆಯಲ್ಲಿ ಕೂದಲೆಣ್ಣೆಯ ಜಾಹೀರಾತು ಸಿಕ್ಕಿತು, ಇನ್ನೊಂದರಲ್ಲಿ ವಾರಭವಿಷ್ಯ. ಎರಡು ಮನೆಗಳಲ್ಲಿ ಕಾಗದ ಆಗಲೇ ಬೂದಿಯಾಗಿತ್ತು. ಬರಿಗೈಯಲ್ಲಿ ಬಂದು ನಿಂತೆ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದಳು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ನಡುಮನೆಗೆ ಬಂದಳು, ಪಡಸಾಲೆಗೆ ಬಂದಳು, ತಲೆಬಾಗಿಲು ದಾಟಿದಳು.

"ಅಕ್ಕಾ, ಮೆರವಣಿಗಿ ಬರ್ಲಿಕ್ಕತ್ತದ!" ಎಂದರು ಅಪ್ಪ ಗಾಬರಿಯಿಂದ.

"ಬರ್ಲಿ. ನನಗೂ ಅವರ ಹತ್ರನ ಕೆಲಸ ಅದ."

ನಡುಬೀದಿಯಲ್ಲಿ ಮೆರವಣಿಗೆ ಅವಳೆದುರು ನಿಂತಿತು. ಬಾಜಾ ನಿಂತಿತು. ಹೂಮಾಲೆ ಹಿಡಿದು ಮುಂದೆ ಬರುತ್ತಿದ್ದ ಹಿರಿಯರೊಬ್ಬರು ಮುಖ ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿದರು. ಯಾರೋ ಏನೋ ಗೊಣಗಿದರು. ನನಗೆ ಅಳು ಒತ್ತರಿಸಿ ಬಂತು. ಅತ್ತೆ ಮಡಿಲು ಒಡ್ಡಿ ನಿಂತಳು.

"ಪೇಡೆ ನೀವು ತಿನ್ರಿ. ಕಾಗದ ಅಷ್ಟು ನನಗ ಕೊಡ್ರಿ. ಒಬ್ಬ ಮನಶಾ ಸಿಕ್ಕೊಂಡಾನ."

"ಎಲ್ಲಿ ಸಿಕ್ಕೊಂಡಾನ್ರಿ?" ಎಂದ ಬಾಜಾದವನು.

"ಮಂಗಳದಾಗ."

ಮೆರವಣಿಗೆಯಲ್ಲಿದ್ದ ಸಾವಕಾರರು ಗಹಗಹಿಸಿ ನಕ್ಕರು. "ಲೇ, ಪೊಟ್ಟಣ ಬಿಚ್ರಲೇ ಎಲ್ಲಾರೂ! ಅಕ್ಕಾವರ ಹುಡುಗ ಅದರಾಗ ಅದಾನ!" ಎಂದು ಕೂಗಿದರು. ನಗುತ್ತಲೇ ಜನ ಬಿಚ್ಚತೊಡಗಿದರು. ಪೇಡೆಗಳೆಲ್ಲ ಬಾಯಿಗೆ, ಕಾಗದಗಳೆಲ್ಲ ಅತ್ತೆಯ ಮಡಿಲಿಗೆ. ಒಂದೊಂದನ್ನೇ ಬಿಡಿಸಿ ನೋಡುತ್ತ ನಿಂತಳು. ಅಲ್ಲ, ಇದಲ್ಲ, ಇದೂ ಅಲ್ಲ. ಇಡೀ ಕರ್ನಾಟಕದ ಮೆರವಣಿಗೆ ನಮ್ಮ ಅತ್ತೆಗಾಗಿ ಕಾಯುತ್ತಿತ್ತು! ಕೊನೆಗೆ, ಹಿಂದೆ ಸರಿದಿದ್ದ ಆ ಹಿರಿಯರು ಮಾಲೆಯನ್ನು ಇನ್ನೊಬ್ಬರ ಕೈಗಿತ್ತು, ಅಂಗಿಯ ಕಿಸೆಯಿಂದ ತಮ್ಮ ಪೊಟ್ಟಣ ತೆಗೆದು ಅವಳ ಹತ್ತಿರ ಬಂದರು.

"ಇದನ್ನೊಂದು ನೋಡ್ರಿ ತಾಯೀ" ಎಂದರು.

ಅದರಲ್ಲಿತ್ತು. ಅತ್ತೆ ನಿಂತಲ್ಲೇ ಓದಿದಳು, ಎರಡು ಸಲ ಓದಿದಳು. ಕಾಗದ ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮನೆಯ ಕಡೆ ತಿರುಗಿದಳು. ರೂಢಿಯಂತೆ ಅವಳ ಕಾಲುಗಳು ಹಿತ್ತಲ ಸಂದಿಯ ಕಡೆಗೆ ಹೊರಳಿದವು.

"ಅಕ್ಕಾ, ಆ ಕಡೆ ಯಾಕ? ಹಿಂಗ ಬಾ" ಎಂದರು ಅಪ್ಪ. ತಲೆಬಾಗಿಲಲ್ಲಿ ನಿಂತಿದ್ದ ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಕಣ್ಣುಗಳು ತುಂಬಿದ್ದವು. "ಏನಾತು? ಅಂವ ಸಿಕ್ಕನೇನು?"

"ಸಿಕ್ಕ ನೋಡೋ ತಮ್ಮಾ. ಜೀವಂತ ಇದ್ದ. ಮೂರೂ ಮಂದಿ ಕೂಡಿ ಮನಿಗೆ ಕರಕೊಂಡು ಬಂದ್ರು" ಎನ್ನುತ್ತ ನಮ್ಮ ಅತ್ತೆ ಹೊಸಿಲು ದಾಟಿ ಒಳಗೆ ಬಂದಳು.