ಮುತ್ತಾತನ ಕಸುಬು

ರಿಜಿಸ್ಟರ್ ಮಾವನ ವಂಶವೃಕ್ಷದಲ್ಲಿ ಒಂದೇ ಒಂದು ಚೌಕ ಖಾಲಿ ಉಳಿದಿತ್ತು: ಮುತ್ತಾತನ ಕಸುಬು. ಅದನ್ನು ತುಂಬಲು ಹೋಗಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ನಿವೃತ್ತರಾದ ಮೇಲೆ ಬೇರೆಯವರು ಬೆಳಗಿನ ವಾಕಿಂಗ್ ಹಿಡಿದರೆ ಇವರು ಹಳೆಯ ದಾಖಲೆ ಹಿಡಿದರು; ಊರವರಿಟ್ಟ ಹೆಸರೂ ಅದರಿಂದಲೇ. ಆ ವಾರವನ್ನೇ ನೋಡಿ. ಸೋಮವಾರ, ಮಂಗಳವಾರ ಗ್ರಂಥಾಲಯದಲ್ಲಿ ಪುಕ್ಕಟೆಯಾಗಿ ಕೂತು ಮರಣದ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದರು. ಬುಧವಾರ ಮಾಸಿದ ಕೈಬರಹ ಓದುವುದನ್ನು ಕಲಿತುಬಂದರು. ಗುರುವಾರ ಅದನ್ನೇ ಹೊಸಬರಿಗೆ ಕಲಿಸಿದರು. ಶನಿವಾರ ಅವರದೇ ಭಾಷಣ: ‘ಆಧಾರವಿಲ್ಲದ ತಾತ ತಾತನಲ್ಲ’. ಉದಾಹರಣೆಗೆ ತಮ್ಮದೇ ವಂಶವೃಕ್ಷ. ಅದರ ನಟ್ಟನಡುವೆ ಹಲ್ಲು ಬಿದ್ದ ಬಾಯಿಯಂತೆ ಆ ಚೌಕ! ಹತ್ತು ವರ್ಷ ಕಟ್ಟಿಕೊಂಡ ಹೆಸರು ಅಷ್ಟರಲ್ಲೇ ಮಣ್ಣುಪಾಲಾದೀತೆಂಬ ಅಳುಕು ಅವರಿಗೆ.

ಶುಕ್ರವಾರ ಬೆಳಿಗ್ಗೆ ಭಾವಮೈದ ಮೊಬೈಲ್ ಹಿಡಿದು ನುಗ್ಗಿದ.

“ಭಾವ, ಸಿಕ್ತು! ನಿಮ್ಮ ಮುತ್ತಾತ ಹಡಗಿನ ಕಪ್ತಾನ!”

“ಯಾರು ಹೇಳಿದ್ದು?”

“ಇಂಟರ್‌ನೆಟ್ಟಲ್ಲಿದೆ. ನಮ್ಮ ಟೈಲರ್ ಹಾಕಿದ್ದಾನೆ. ಅವನ ಹೆಂಡ್ತಿ ಕಡೆಯಿಂದ ನಿಮಗೆ ದೂರದ ಸಂಬಂಧವಂತೆ.”

ಗಂಟೆಯೊಳಗೆ ರಿಜಿಸ್ಟರ್ ಮಾವನ ಹೆಂಡತಿ ಸುದ್ದಿಯನ್ನು ಕಾಂಪೌಂಡಿನಾಚೆ ದಾಟಿಸಿದರು. ಸೊಸೆ ವಂಶವೃಕ್ಷದ ಚಾರ್ಟಿನ ಮೂಲೆಯಲ್ಲಿ ಲಂಗರಿನ ಚಿತ್ರ ಬರೆದಳು. ಭಾವಮೈದನಂತೂ, ತನ್ನ ಮುತ್ತಾತ ಅಲ್ಲದಿದ್ದರೂ, ನೆಲ ತೂಗುತ್ತಿದೆಯೇನೋ ಎಂಬಂತೆ ಕಾಲಗಲಿಸಿ ನಡೆಯತೊಡಗಿದ. ರಿಜಿಸ್ಟರ್ ಮಾವನಿಗೂ ಒಳಗೊಳಗೇ ಖುಷಿ. ಆದರೆ ಆಧಾರ? ಕೊಡೆ ತೆಗೆದುಕೊಂಡು ಹೊರಟರು.

“ನಾನೇನು ಹೊಲಿದು ಕೂರ್ಸಿದ್ದಲ್ಲ ಸಾರ್,” ಎಂದ ಟೈಲರ್. “ಪೋಸ್ಟ್‌ಮಾಸ್ಟರ್ ಕೊಟ್ಟಿದ್ದು.”

ನಿವೃತ್ತ ಪೋಸ್ಟ್‌ಮಾಸ್ಟರಿಗೆ ಪ್ರಶ್ನೆಯೇ ಅವಮಾನವಾಯಿತು. “ವಿಳಾಸ ಇಲ್ಲದ್ದನ್ನ ನಾನು ಮುಟ್ಟಲ್ಲ ಸ್ವಾಮಿ. ಗ್ರಂಥಾಲಯದ ಮಹಡಿ ಮೇಲೆ ಹಳದಿ ಫೈಲಿದೆ, ಹೋಗಿ ನೋಡಿ.”

ಗ್ರಂಥಪಾಲಕಿ ಫೈಲನ್ನು ಧೂಳು ಕೊಡವಿ ತಂದಿಟ್ಟರು. “ಬಹಳ ಜನ ನೋಡ್ತಾರೆ ಇದನ್ನ. ನಂಬಿಕಸ್ತ ದಾಖಲೆ.”

ಒಳಗೆ ಒಂದೇ ಒಂದು ತುಂಬಿದ ನಮೂನೆ, ಮುತ್ತಾತನ ಹೆಸರಲ್ಲಿ. ಕಸುಬು: ಹಡಗಿನ ಕಪ್ತಾನ. ದುಂಡನೆಯ ಅಕ್ಷರ. ಆ ಅಕ್ಷರ ಎಲ್ಲೋ ನೋಡಿದಂತಿದೆಯಲ್ಲ ಎಂದು ಕನ್ನಡಕ ಒರೆಸಿಕೊಂಡು ರಿಜಿಸ್ಟರ್ ಮಾವ ಮತ್ತೊಮ್ಮೆ ನೋಡಿದರು. ಅದು ಅವರದೇ ಕೈಬರಹ! ಹತ್ತು ವರ್ಷದ ಹಿಂದೆ, ವಂಶವೃಕ್ಷ ಬರೆಯಲು ಕಲಿಯಹೋದ ಮೊದಲ ದಿನ, “ಗೊತ್ತಿಲ್ಲದ ಕಡೆ ಸುಮ್ನೆ ಏನಾದ್ರೂ ತುಂಬಿ, ಅಭ್ಯಾಸಕ್ಕೆ,” ಎಂದಿದ್ದರು ಗುರುಗಳು. ಇವರು ತುಂಬಿದ್ದರು. ಯಾರೋ ಪುಣ್ಯಾತ್ಮರು ಅದನ್ನು ಜೋಪಾನವಾಗಿ ಫೈಲಿಗೆ ಸೇರಿಸಿದ್ದರು.

ಮನೆಗೆ ಬಂದು ಎಲ್ಲರೆದುರು ತಪ್ಪೊಪ್ಪಿಕೊಂಡರು. “ಅದು ನಾನೇ ಬರೆದದ್ದು!”

ಭಾವಮೈದನ ಮುಖ ಅರಳಿತು. “ನೀವೇ ಬರೆದಿದ್ದೀರಿ ಅಂದ್ಮೇಲೆ ಇನ್ನೇನು ಭಾವ? ನೀವು ಆಧಾರ ಇಲ್ದೆ ಒಂದಕ್ಷರ ಬರೆಯೋರಾ?”

“ಟೈಲರ್, ಪೋಸ್ಟ್‌ಮಾಸ್ಟರು, ಲೈಬ್ರರಿ, ಮೂರು ಕಡೆ ಹೇಳ್ತಿದ್ದಾರೆ,” ಎಂದರು ಹೆಂಡತಿ. “ಅಡ್ಡಬಾಯಿ ಹಾಕೋರು ನೀವೊಬ್ರೇ.”

ಸೋತು ಒಳಕೋಣೆಗೆ ಹೋದರು. ಅಲ್ಲಿ ತೊಂಬತ್ತು ದಾಟಿದ ದೊಡ್ಡತ್ತೆ, ಅಂದರೆ ಅವರ ತಂದೆಯ ಅಕ್ಕ, ಬಟಾಣಿ ಸುಲಿಯುತ್ತಿದ್ದರು.

“ಕಪ್ತಾನನೂ ಇಲ್ಲ, ಗಿಪ್ತಾನನೂ ಇಲ್ಲ,” ಎಂದರು ದೊಡ್ಡತ್ತೆ, ತಲೆಯೆತ್ತದೆ.

“ನಿಮಗೆ ಗೊತ್ತಾ ಅತ್ತೆ?”

“ನನ್ನ ತಾತ ಕಣೋ! ಅವರ ತೊಡೆ ಮೇಲೆ ಆಡಿದವಳು ನಾನು.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಇರೋ ಬರೋ ರಿಜಿಸ್ಟರನ್ನೆಲ್ಲ ಕೇಳ್ದೆ. ನನ್ನ ಯಾವತ್ತು ಕೇಳ್ದೆ?”

ರಿಜಿಸ್ಟರ್ ಮಾವನಿಗೆ ನಾಚಿಕೆಯಾಯಿತು. ನೆಲದ ಮೇಲೆ ಕೂತು ಪೆನ್ನು ತೆರೆದರು. “ಈಗ ಹೇಳಿ. ಏನು ಕೆಲಸ?”

“ನೀನು ಮಾಡೋದೇ. ಮನೆಮನೆಗೆ ಹೋಗಿ ವಂಶಾವಳಿ ಬರೆದುಕೊಡ್ತಿದ್ರು. ನಿನ್ನ ಹಾಗೆ ಧೂಳು ಕುಡೀತಿರಲಿಲ್ಲ ಅಷ್ಟೆ. ಯಾರಿಗೆ ಎಂಥ ತಾತ ಬೇಕೋ ಅಂಥ ತಾತ. ಒಂದ್ಸಲ ಮಾತುಕತೆ ಬಿಟ್ಟಿದ್ದ ಎರಡು ಮನೆಗೆ ಮರೆತು ಒಬ್ಬನೇ ತಾತನ್ನ ಬರೆದುಕೊಟ್ಟುಬಿಟ್ರು. ಎರಡೂ ಮನೆಯೋರು ದೊಣ್ಣೆ ಹಿಡ್ಕೊಂಡು ಬಂದ್ರು.”

ಪೆನ್ನು ನಿಂತಿತು. “ಆಮೇಲೆ?”

“ಆಮೇಲೇನು, ಹಿಂಬಾಗಿಲಿಂದ ಓಡಿ ಹಡಗು ಹತ್ತಿದ್ರು. ನಾನೇ ದಡದಲ್ಲಿ ನಿಂತು ಕೈ ಬೀಸಿದ್ದೆ.”

ಆ ಹೊತ್ತಿಗೆ ಸರಿಯಾಗಿ ಕಾಫಿ ಹಿಡಿದು ಬಂದ ಭಾವಮೈದನ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು ಮಾತ್ರ. ಲೋಟ ಅಲ್ಲೇ ಇಟ್ಟು ಹಜಾರಕ್ಕೆ ಓಡಿದ. “ಕೇಳಿದ್ರಾ? ತಾತ ಹಡಗು ಹತ್ತಿದ್ದನ್ನ ದೊಡ್ಡತ್ತೆ ಕಣ್ಣಾರೆ ನೋಡಿದ್ದಾರಂತೆ!”

ಹಜಾರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸೊಸೆ ಚಾರ್ಟು ಹಿಡಿದು ಬಾಗಿಲಿಗೆ ಬಂದಳು. “ಮಾವ, ಕಪ್ತಾನ ಅನ್ನೋದರ ಕೆಳಗೆ ‘ಪ್ರತ್ಯಕ್ಷದರ್ಶಿ: ದೊಡ್ಡತ್ತೆ’ ಅಂತ ಸೇರಿಸ್ಲಾ?”

ರಿಜಿಸ್ಟರ್ ಮಾವ ಬರೆದುಕೊಂಡಿದ್ದ ಹಾಳೆಯನ್ನು ನೋಡಿದರು. ನಾಳೆಯ ಭಾಷಣ ನೆನಪಾಯಿತು. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟರು.

“ಸೇರಿಸಮ್ಮ,” ಎಂದರು.