ಹನ್ನೊಂದು ಗಂಟೆಗೆ ಬೀಳುವ ಗೆರೆ

"ನಮ್ಮ ಮನೆ ನೆಟ್ಟನ್ನು ಯಾರು ಕೆಡಿಸ್ತಿದ್ದಾರೋ ಅವರನ್ನು ಎಂಟು ದಿನದೊಳಗೆ ಹಿಡಿದು ನಿನ್ನ ಮುಂದೆ ನಿಲ್ಲಿಸ್ತೀನಿ. ಇಲ್ಲದಿದ್ರೆ ನಾನು ಟೈಲರ್ ಹೆಂಡತಿಯೇ ಅಲ್ಲ" ಎಂದು ಟೈಲರಮ್ಮ ಸೋಮವಾರ ಬೆಳಿಗ್ಗೆ ಮಗಳಿಗೆ ಹೇಳಿದಳು.

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುವುದು. ಹೊಲಿಯುತ್ತಿದ್ದವರು ಗಂಡ. ಕಾಜಾ ತೆಗೆದು ಗುಂಡಿ ಹಾಕುವ ಕೆಲಸ ಇವಳದು. ಗಂಡ ತೀರಿಹೋಗಿ ಐದು ತಿಂಗಳಾಯಿತು. ಮಿಷನ್ನು ಮುಂದಿನ ಕೋಣೆಯಲ್ಲಿ ಮುಸುಕು ಹಾಕಿಕೊಂಡು ಕೂತಿದೆ. ಅದರ ಪಕ್ಕದ ಮೇಜಿನಲ್ಲಿ ಮಗಳ ಕೆಲಸ.

ಮಗಳದು ಕಾವಲು ಕೆಲಸ. ಒಂದು ದೊಡ್ಡ ಕಂಪನಿಯ ನೂರಾರು ಆಫೀಸುಗಳಲ್ಲಿ ನೆಟ್ ಓಡುತ್ತಿದೆಯೇ ಎಂದು ಮನೆಯಲ್ಲೇ ಕೂತು ನೋಡುತ್ತಿರಬೇಕು. ಲೋಕದ ನೆಟ್ಟನ್ನೆಲ್ಲ ಕಾಯುವವಳ ಮನೆಯ ನೆಟ್ಟೇ ದಿನಾ ಬಿದ್ದು ಎದ್ದು ಮಾಡುತ್ತಿತ್ತು. ಕರೆಂಟು ಹೋದರೆ ಬೀಳುತ್ತಿತ್ತು, ಕರೆಂಟು ಇದ್ದಾಗಲೂ ಬೀಳುತ್ತಿತ್ತು. ಮೇಲಧಿಕಾರಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. ತಿಂಗಳೊಳಗೆ ಸರಿಯಾಗದಿದ್ದರೆ ಆಫೀಸಿಗೇ ಬನ್ನಿ. ಆಫೀಸಿರುವುದು ಒಂದು ದಿನದ ರೈಲು ದಾರಿ. ಅಂದರೆ ಈ ಮನೆ ಬಿಡಬೇಕು. ಮಿಷನ್ನಿನ ಮುಂದಿನ ಸ್ಟೂಲು, ಗೋಡೆಯ ಮೇಲೆ ಗಂಡ ಸೀಮೆಸುಣ್ಣದಲ್ಲಿ ಬರೆದಿಟ್ಟ ಅಳತೆಗಳು, ಎಲ್ಲ ಬಿಡಬೇಕು. ಸ್ಟೂಲನ್ನಾದರೂ ಹೊತ್ತುಕೊಂಡು ಹೋಗಬಹುದು. ಗೋಡೆ?

ನೆಟ್ ಹಾಕಿಕೊಟ್ಟ ಲೈನ್‌ಮನ್ ಎರಡು ಸಲ ಬಂದ. ಎರಡು ಸಲವೂ ಮಧ್ಯಾಹ್ನ ಮೂರಕ್ಕೆ.

"ಎಲ್ಲಾ ಸರಿ ಇದೆಯಲ್ಲಮ್ಮ."

"ನೀನು ಬಂದಾಗ ಸರಿ ಇರುತ್ತಪ್ಪ. ಹೋದ ಮೇಲೆ ಕೆಡುತ್ತೆ."

"ಹಾಗಾದ್ರೆ ಇಲ್ಲೇ ಇದ್ದುಬಿಡ್ಲಾ?"

"ಇರು. ಪಾತ್ರೆ ತೊಳೀತೀಯಾ?"

ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಟೈಲರಮ್ಮನ ಅನುಮಾನವೆಲ್ಲ ಮೇಲಿನ ಮನೆಯ ಪೋಸ್ಟ್‌ಮ್ಯಾನ್ ಮೇಲೆ. ನಿವೃತ್ತರಾದ ಮೇಲೆ ಮೂರು ಹೊತ್ತೂ ಫೋನಿಗೆ ಅಂಟಿಕೊಂಡವರು. ನೆಟ್ಟನ್ನೆಲ್ಲ ಆ ಫೋನೇ ನುಂಗುತ್ತಿರಬೇಕು. ಅವಳು ಮೆಟ್ಟಿಲೇರಿ ಹೋದಳು.

"ಅಣ್ಣ, ಇವತ್ತಿಂದ ಎಂಟು ದಿನ ನಿಮ್ಮ ಫೋನ್ ನನ್ನ ಹತ್ರ ಇರ್ಲಿ."

"ಯಾಕಮ್ಮ, ನಾನೇನು ಮಾಡಿದೆ?"

"ಅದನ್ನೇ ಪತ್ತೆ ಮಾಡ್ಬೇಕು."

ಪಾಪದ ಮನುಷ್ಯ, ಕೊಟ್ಟುಬಿಟ್ಟರು. ಮೂರು ದಿನ ಆ ಫೋನ್ ಬಾಯಿ ಮುಚ್ಚಿಕೊಂಡು ಗುಂಡಿ ಡಬ್ಬಿಯಲ್ಲಿ ಮಲಗಿತು. ನೆಟ್ ಮಾತ್ರ ಬೀಳುತ್ತಲೇ ಇತ್ತು. ನಾಲ್ಕನೇ ದಿನ ಅವರ ಮಗಳು, ಅಪ್ಪ ಫೋನ್ ಎತ್ತುತ್ತಿಲ್ಲವೆಂದು ಹೆದರಿ, ಎರಡು ಬಸ್ಸು ಬದಲಿಸಿ ಅಳುತ್ತಾ ಓಡಿ ಬಂದಳು. ಅಪ್ಪ ಬಾಲ್ಕನಿಯಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು.

"ಪತ್ತೇದಾರಮ್ಮ, ಇನ್ನು ಸಾಕು. ಬಾ ಇಲ್ಲಿ" ಎಂದು ಟೈಲರಮ್ಮನ ಮಗಳು ತಾಯಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. "ಹತ್ತು ದಿನದಿಂದ ಈ ಪ್ರೋಗ್ರಾಂ ಓಡಿಸಿಟ್ಟಿದ್ದೀನಿ. ನಿಮಿಷಕ್ಕೆ ಹತ್ತು ಸಲ ದೂರದ ಒಂದು ಮಿಷನ್ನಿಗೆ 'ಇದ್ದೀಯಾ' ಅಂತ ಕೇಳುತ್ತೆ. ಅದು 'ಇದ್ದೀನಿ' ಅನ್ನುತ್ತೆ. ಉತ್ತರ ಬಂದಷ್ಟೂ ಗೆರೆ ಮೇಲಿರುತ್ತೆ. ಬರದೆ ಹೋದಷ್ಟೂ ಕೆಳಗೆ."

"ದಿನವೆಲ್ಲಾ ಕೇಳ್ತಾನೇ ಇರುತ್ತಾ?"

"ಹೂಂ."

"ಉತ್ತರ ಬರದಿದ್ರೂ?"

"ಬರದಿದ್ರೂ."

ಟೈಲರಮ್ಮ ಮುಂದಕ್ಕೆ ಬಾಗಿದಳು. ಗೆರೆ ನೋಡಿದಳು. ಇಲಿ ಕಡಿದ ಬಟ್ಟೆಯ ಅಂಚಿನ ಹಾಗಿತ್ತು. ತಲೆಯೂ ಇಲ್ಲ, ಬುಡವೂ ಇಲ್ಲ.

"ಹೀಗೆ ಉದ್ದಕ್ಕೆ ಹರಡಿದ್ರೆ ಏನು ತಿಳಿಯುತ್ತೆ? ಒಂದೊಂದು ದಿನವನ್ನೂ ಬೇರೆ ಕತ್ತರಿಸು. ಒಂದರ ಮೇಲೊಂದು ಇಡು. ಎರಡು ತೋಳೂ ಸಮ ಇದೆಯಾ ನೋಡೋಕೆ ನಿಮ್ಮಪ್ಪ ಹಾಗೇ ಮಾಡ್ತಿದ್ರು."

ಮಗಳು ಹಾಗೇ ಮಾಡಿದಳು. ಮಾಡಿ, ಕುರ್ಚಿಯಿಂದ ಅರ್ಧ ಎದ್ದಳು. ಕರೆಂಟು ಹೋದ ಗುರುತುಗಳು ಅಲ್ಲಲ್ಲಿ ಚೆದುರಿಕೊಂಡವು. ಉಳಿದ ಗೆರೆಗಳೆಲ್ಲ ಹನ್ನೊಂದು ಗಂಟೆಗೆ ಒಟ್ಟಿಗೆ ಇಳಿದು, ಒಂದು ಗಂಟೆಗೆ ಒಟ್ಟಿಗೆ ಏಳುತ್ತಿದ್ದವು. ಹೋದ ಗುರುವಾರದ್ದು ಪಾತಾಳಕ್ಕೇ ಇಳಿದಿತ್ತು. ಶನಿವಾರದ್ದು ಮಾತ್ರ ಬಿದ್ದೇ ಇರಲಿಲ್ಲ.

"ಸಿಕ್ಕಿಬಿದ್ದ" ಎಂದಳು ಟೈಲರಮ್ಮ. "ಶನಿವಾರ ಊರಲ್ಲಿ ಇರದವನು ಯಾರು ಹೇಳು?"

"ಶನಿವಾರ ನೀನು ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ."

"ನನ್ನ ವಿಷಯ ಬಿಡು. ಗುರುವಾರ ಏನಾಯ್ತು?"

"ಗುರುವಾರ ನೀನು ಕಂಬಳಿ ಒಗೆದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಮ್ಮ, ಕಂಬಳಿ ಎಲ್ಲಿ ಒಣಗಿಸಿದೆ?"

"ಬಿಸಿಲಲ್ಲಿ."

"ಯಾವುದರ ಮೇಲೆ?"

ಹಿತ್ತಲಲ್ಲಿ ಕಂಬದಿಂದ ಕಿಟಕಿಗೆ ಒಂದು ಕರಿ ವೈರು ಬರುತ್ತದೆ. ಹಿತ್ತಲಿಗೆ ಬಿಸಿಲು ಬೀಳುವುದು ಹನ್ನೊಂದರಿಂದ ಒಂದರವರೆಗೆ, ಅದೂ ಆ ವೈರಿನ ಕೆಳಗೆ ಮಾತ್ರ. ಲೈನ್‌ಮನ್ ಎಳೆದು ಕಟ್ಟಿದ್ದು, ಒಳ್ಳೆ ಗಟ್ಟಿಯಾಗಿತ್ತು.

"ಅದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇದೆ ಅಮ್ಮ. ನೆಟ್ ಬರೋದು ಅದರಲ್ಲೇ. ಭಾರ ಬಿದ್ದು ಕಿಟಕಿ ಅಂಚಲ್ಲಿ ಮಡಚಿದ್ರೆ ಅಲ್ಲಿಗೆ ಮುಗೀತು." ಮಗಳು ಮತ್ತೆ ಗೆರೆ ನೋಡಿದಳು. "ಸರಿ, ಗುರುವಾರ ಕಂಬಳಿ, ತಾರಸಿಗೆ ಹೊರೋಕಾಗದ್ದು. ಮಿಕ್ಕ ದಿನ? ನಮ್ಮ ಬಟ್ಟೆಯೆಲ್ಲ ತಾರಸಿ ಮೇಲೆ ಒಣಗುತ್ತೆ. ದಿನಾ ಬೀಳೋ ಈ ಸಣ್ಣ ಗೆರೆ ಯಾವುದು?"

ಕಳ್ಳನನ್ನು ಹಿಡಿಯಲು ಹೊರಟವಳು ನೆಲ ನೋಡಿದಳು.

"ನಿಮ್ಮಪ್ಪನ ಅಂಗಿ."

"ಯಾವ ಅಂಗಿ?"

"ಕೊನೇಲಿ ತಮಗೇ ಅಂತ ಹೊಲಿದುಕೊಂಡ್ರಲ್ಲ. ಒಂದು ಗುಂಡಿ ಹಾಕೋದು ಬಾಕಿ ಇತ್ತು. ನಾಳೆ ಹಾಕ್ತೀನಿ ಅಂದಿದ್ದೆ." ಸೆರಗಿನ ಅಂಚು ಮಡಚಿದಳು. "ದಿನಾ ಕೈಯಲ್ಲಿ ಹಿಡ್ಕೊಂಡು ಕೂರ್ತೀನಿ. ಕೊಳೆಯಾಗುತ್ತೆ. ಒಗೀತೀನಿ. ತಾರಸೀಲಿ ಹಾಕಿದ್ರೆ ನೀನು ನೋಡ್ತೀಯ ಅಂತ ಹಿತ್ತಲಲ್ಲಿ ಹಾಕಿದೆ."

ಮಗಳು ಅವಳ ಕೈ ಹಿಡಿದುಕೊಂಡು ಕೂತಳು. ಆಮೇಲೆ ಮೂಗು ಒರೆಸಿಕೊಂಡು ಟೈಪ್ ಮಾಡತೊಡಗಿದಳು.

"ಮೇಲಧಿಕಾರಿಗೆ ಕಾರಣ ಬರೀಬೇಕು. 'ವೈರಿನ ಮೇಲೆ ಬಟ್ಟೆಯ ಭಾರ' ಅಂತ ಬರೀಲಾ?"

"ಭಾರ ಅನ್ನಬೇಡ. ತೆಳು ಬಟ್ಟೆ ಅದು. ಒಳ್ಳೆ ಹತ್ತಿ."

"ಒದ್ದೆ ಇತ್ತಲ್ಲಮ್ಮ."

"ಹಾಗಿದ್ರೆ ಒದ್ದೆ ಅಂತ ಬರಿ."

ಮರುದಿನ ಮಗಳು ಹಿತ್ತಲಲ್ಲಿ ಒಂದು ಹೊಸ ಹಗ್ಗ ಕಟ್ಟಿದಳು. ಹನ್ನೊಂದಾಯಿತು. ಹನ್ನೆರಡಾಯಿತು. ಗೆರೆ ಗಜಕಡ್ಡಿ ಇಟ್ಟು ಎಳೆದ ಹಾಗೆ ನೆಟ್ಟಗೆ ಹೋಯಿತು. ನೋಡುತ್ತಾ ನೋಡುತ್ತಾ ಟೈಲರಮ್ಮ ಬಾಕಿ ಇದ್ದ ಗುಂಡಿ ಹಾಕಿ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದಳು. ಅಂಗಿಯನ್ನು ಮಗಳೇ ಹಾಕಿಕೊಂಡು ಕೆಲಸಕ್ಕೆ ಕೂತಳು. ತೋಳು ಉದ್ದವಾಯಿತು. ಮಡಚಿಕೊಂಡಳು.

ಇನ್ನು ಉಳಿದದ್ದು ಮೇಲಿನ ಮನೆ. ಟೈಲರಮ್ಮ ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು ಮೆಟ್ಟಿಲೇರಿದಳು.

"ಅಣ್ಣ, ತಪ್ಪಾಯ್ತು. ನೆಟ್ ಕೆಡಿಸ್ತಿದ್ದವಳು ನಾನೇ. ಅವರ ಅಂಗೀನ ಆ ಕರಿ ವೈರ್ ಮೇಲೆ ಒಣಗೋಕೆ ಹಾಕ್ತಿದ್ದೆ."

"ಗೊತ್ತಲ್ಲಮ್ಮ. ಬಾಲ್ಕನಿಯಿಂದ ದಿನಾ ನೋಡ್ತಿದ್ದೆ. ಅದು ನೆಟ್ ವೈರು, ಹಾಕಬಾರದು ಅಂತಲೂ ಗೊತ್ತಿತ್ತು."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

"ಮುಖ ನೋಡಿ ಹೇಳೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಮಗಳಿಗೆ ಫೋನ್ ಮಾಡಿ ಹೇಳೋಣ ಅಂತಿದ್ದೆ" ಎಂದರು ಪೋಸ್ಟ್‌ಮ್ಯಾನ್. "ಅಷ್ಟರಲ್ಲಿ ನೀವು ಬಂದು ಫೋನ್ ತಗೊಂಡು ಹೋದ್ರಿ."